ಪಾತ್ರೆ ತೊಳೆದ ಕೋಚ್

ಹಾಲಿ ಬೆಂಡ್, ಅರ್ಕನ್ಸಾ
14 ಆಗಸ್ಟ್ 2017

ಕೋಚ್ ಕ್ರೌಡರ್,

ನನ್ನ ನೆನಪಿದೆಯಾ? ಇಲ್ಲದಿದ್ದರೆ ನಾನೇ ನೆನಪು ಮಾಡಿಕೊಡ್ತೀನಿ. ಬೆಲ್‌ಫೋರ್ಡ್ ಸ್ಟೇಟ್ ಕಾಲೇಜು, ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ, ಹನ್ನೆರಡನೇ ನಂಬರ್ ಜೆರ್ಸಿ. ಕಳೆದ ವರ್ಷದ ಫೈನಲ್‌ನಲ್ಲಿ ಮಂಡಿ ಕಿತ್ತುಕೊಂಡು ಬಿದ್ದವಳು. ಗೆದ್ದ ಮೇಲೆ ನೀವು, ಗೆದ್ದ ಕೋಚುಗಳೆಲ್ಲ ಮಾಡೋ ಹಾಗೆ, ಏಣಿ ಹತ್ತಿ, ಬಾಸ್ಕೆಟ್ಟಿನ ನೆಟ್ ಕತ್ತರಿಸಿ, ಹಾರದ ಥರ ಕೊರಳಿಗೆ ಹಾಕಿಕೊಂಡು ಟಿವಿಯವರಿಗೆ ಕೈ ಬೀಸಿದಿರಿ. ಅದೇ ಹೊತ್ತಿಗೆ ಆಂಬುಲೆನ್ಸಿನಲ್ಲಿ ಇನ್ನೊಂದು ಕತ್ತರಿ ನನ್ನ ಮಂಡಿಪಟ್ಟಿ ಕತ್ತರಿಸುತ್ತಿತ್ತು.

ಈಗ ಬರೀತಿರೋದು ನನ್ನ ಮಂಡಿ ವಿಷಯಕ್ಕಲ್ಲ. ಶನಿವಾರ ನಮ್ಮ ಮನೆಗೆ ನಿಮ್ಮ ಕಾಗದ ಬಂತು. ನನಗಲ್ಲ, ಹೈಸ್ಕೂಲಿನ ಕೊನೇ ವರ್ಷದಲ್ಲಿರೋ ನನ್ನ ತಂಗಿ ಝಾರಿಯಾಗೆ, ನಿಮ್ಮ ಹೊಸ ತಂಡಕ್ಕೆ ಬಾ ಅಂತ. ಟೈಡ್‌ವೆಲ್ ಯುನಿವರ್ಸಿಟಿಯ ದಪ್ಪ ಲಕೋಟೆ, ಒಳಗೆ ನೀಲಿ ಶಾಯಿಯ ಕೈಬರಹ. ‘ನಿನ್ನ ಆಟ ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ’ ಅಂತ ಶುರು. ನನಗೂ ಇದೇ ಸಾಲು ಬರೆದಿದ್ದಿರಿ. ಯಾರ ಆಟ ನೋಡಿದರೆ ನಿಮಗೆ ನಿದ್ದೆ ಬರುತ್ತೆ, ಅದನ್ನಾದರೂ ಒಂದು ಸಲ ಹೇಳಿ.

ಕೊನೆಯಲ್ಲಿ ಬರೆದಿದೀರಿ, ಸೆಪ್ಟೆಂಬರಿನಲ್ಲಿ ಮನೆಗೆ ಬರ್ತೀನಿ, ಅಮ್ಮನ ಕೈ ಅಡುಗೆ ಮರೆತಿಲ್ಲ ಅಂತ.

ನಾವೂ ಮರೆತಿಲ್ಲ ಕೋಚ್. ನನ್ನನ್ನ ತಂಡಕ್ಕೆ ಕೇಳೋಕೆ ನೀವು ಬಂದ ದಿನ ಅಮ್ಮ ವೃದ್ಧಾಶ್ರಮದ ಕೆಲಸಕ್ಕೆ ರಜೆ ಹಾಕಿ ಹಂದಿಮಾಂಸದ ಚಾಪ್, ಸೊಪ್ಪು, ಜೋಳದ ಬ್ರೆಡ್ಡು ಎಲ್ಲ ಮಾಡಿದ್ದಳು. ಅಜ್ಜಿಯ ಕಾಲದ ನೀಲಿ ಹೂವಿನ ಪಿಂಗಾಣಿ ತಟ್ಟೆಗಳನ್ನು ಕೆಳಗಿಳಿಸಿದ್ದಳು. ಊಟ ಆದ ಕೂಡಲೇ ನೀವು ಎದ್ದು, ಅಂಗಿ ತೋಳು ಮಡಚಿಕೊಂಡು ಸಿಂಕಿನ ಮುಂದೆ ನಿಂತಿರಿ.

“ಅಯ್ಯೋ ಬಿಡಿ ಕೋಚ್, ನಾನು ತೊಳ್ಕೋತೀನಿ,” ಅಂದಳು ಅಮ್ಮ.

“ನೀವು ಕೂತ್ಕೊಳಿ ವರ್ನೆಲ್. ದಿನಾ ನಿಂತೇ ಇರ್ತೀರಲ್ಲ.”

ತೊಳೀತಾ ತೊಳೀತಾ, ತಿರುಗಿ ಕೂಡ ನೋಡದೆ ಹೇಳಿದಿರಿ: “ನಾಲ್ಕು ವರ್ಷ ಇವಳನ್ನ ನನ್ನ ಮಗಳ ಥರ ನೋಡ್ಕೋತೀನಿ. ಇವಳು ಪದವಿ ತಗೊಳೋ ದಿನ ನಿಮ್ಮ ಪಕ್ಕ, ಮುಂದಿನ ಸಾಲಲ್ಲಿ, ನಾನು ಕೂತಿರ್ತೀನಿ.”

ನಿಮ್ಮ ಕಾರು ಹೋದ ಮೇಲೆ ಅಮ್ಮ, “ತಟ್ಟೆ ಹಿಂದಕ್ಕೂ ಉಜ್ಜಿದ್ಲು ನೋಡು. ಇವಳ ಕೈಗೆ ನಿನ್ನ ಕೊಡಬಹುದು ಕಣೇ,” ಅಂದಳು.

ಕಾಲೇಜು ಸೇರಿದ ವಾರ, ಬಟ್ಟೆ ಬದಲಾಯಿಸೋ ಕೋಣೆಯಲ್ಲಿ ನಾವೆಲ್ಲ ಹುಡುಗಿಯರು ಮಾತಾಡಿಕೊಂಡೆವು.

“ನಿಮ್ಮನೇಲಿ ಕೋಚ್ ಪಾತ್ರೆ ತೊಳೆದ್ಲಾ?”

“ನಿಮ್ಮನೇಲೂನಾ?”

“ನಮ್ಮನೇಲಿ ಪಾತ್ರೆ ತೊಳೆಯೋ ಮಷಿನ್ ಇದೆ ಕಣ್ರೇ. ಆದ್ರೂ ಕೈಯಲ್ಲೇ ತೊಳೆದ್ಲು!”

ಅವತ್ತು ಬಿದ್ದು ಬಿದ್ದು ನಕ್ಕೆವು. ನಮ್ಮ ಕೋಚ್ ಎಂಥ ಗಟ್ಟಿಗಿತ್ತಿ ಅಂದುಕೊಂಡೆವು. ಆಪರೇಷನ್ ಆಗಿ ನಾನು ಊರುಗೋಲಿನಲ್ಲಿದ್ದಾಗ ನೀವು ಟೈಡ್‌ವೆಲ್‌ಗೆ ಹೋಗ್ತಿದೀರಿ ಅಂತ ಟಿವಿಯಲ್ಲಿ ಬಂತು. ನಿಮ್ಮ ಬಾಯಿಂದಲ್ಲ, ಟಿವಿಯಲ್ಲಿ. ಹೊಸದಾಗಿ ಬಂದ ಕೋಚ್ ನನ್ನ ಕಾಲು ನೋಡಿ, “ನಿನ್ನ ವಿದ್ಯಾರ್ಥಿವೇತನ ವರ್ಷ ವರ್ಷದ್ದಮ್ಮ. ಮುಂದಿನ ವರ್ಷಕ್ಕೆ ಇಲ್ಲ,” ಅಂದ. ನಾನು ಓದು ಅರ್ಧಕ್ಕೆ ಬಿಟ್ಟು ಮನೆಗೆ ಬಂದೆ.

ನಮ್ಮ ಮನೆಗೆ ಬರಬೇಡಿ. ಝಾರಿಯಾ ತಂಟೆಗೆ ಬರಬೇಡಿ. ಇಷ್ಟೇ.

ಕೆಂಡ್ರಿಕಾ ಪೆಟ್ಟವೇ


ಟೈಡ್‌ವೆಲ್ ಯುನಿವರ್ಸಿಟಿ
ಮಹಿಳಾ ಬಾಸ್ಕೆಟ್‌ಬಾಲ್ ವಿಭಾಗ
25 ಆಗಸ್ಟ್ 2017

ಪ್ರೀತಿಯ ಕೆಂಡ್ರಿಕಾ,

ನಿನ್ನ ಪತ್ರ ಓದಿ ತುಂಬ ಸಂತೋಷವಾಯಿತು. ನನ್ನ ತಂಡದಲ್ಲಿ ಒಮ್ಮೆ ಆಡಿದವರು ಎಂದೆಂದಿಗೂ ನನ್ನ ಕುಟುಂಬದವರೇ. ಆ ಫೈನಲ್ ಪಂದ್ಯದಲ್ಲಿ ನೀನು ತೋರಿಸಿದ ಧೈರ್ಯವನ್ನು ಇಲ್ಲಿನ ಹುಡುಗಿಯರಿಗೆ ಆಗಾಗ ಹೇಳುತ್ತಿರುತ್ತೇನೆ. ನಿನ್ನ ಎಡಮಂಡಿ ಈಗ ಪೂರ್ತಿ ಗುಣವಾಗಿದೆ ಎಂದು ನಂಬಿದ್ದೇನೆ.

ಝಾರಿಯಾಳಂಥ ಪ್ರತಿಭೆಗೆ ಟೈಡ್‌ವೆಲ್‌ಗಿಂತ ಒಳ್ಳೆಯ ಜಾಗ ಇಲ್ಲ. ನಿಮ್ಮ ಮನೆಗೆ ಬರಲು ಕಾತರದಿಂದ ಕಾಯುತ್ತಿದ್ದೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಕೋಚ್,
ಲೊರೇನ್ ಕ್ರೌಡರ್


ಹಾಲಿ ಬೆಂಡ್
1 ಸೆಪ್ಟೆಂಬರ್ 2017

ಕೋಚಮ್ಮಾ,

ಬಲಮಂಡಿ. ಬಲ. ಬಲಗಡೆದು.

ನಿನ್ನ ಕಣ್ಣೆದುರಿಗೇ ಬಿದ್ದೆನಲ್ಲ. ಆ ಕಾಗದ ಬರೆದಿದ್ದು ನೀನಾ, ನಿನ್ನ ಆಫೀಸಿನ ಯಾವಳೋ ಬರೆದು ನೀನು ಬರೀ ಸಹಿ ಗೀಚಿದ್ಯಾ? ನನ್ನ ಪತ್ರ ಓದಿ ಸಂತೋಷ ಆಯಿತಂತೆ. ಅದರಲ್ಲಿ ಸಂತೋಷ ಪಡೋಕೆ ಏನಿತ್ತು ಮಹಾತಾಯಿ?

ಇನ್ನು ನಿನಗೆ ಬಹುವಚನ ಇಲ್ಲ.

ನಾನೀಗ ಕೋಳಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತೀನಿ. ರೆಕ್ಕೆ ಕತ್ತರಿಸೋ ಸಾಲಿನಲ್ಲಿ ನಿಲ್ಲಬೇಕು. ನೆಲ ಯಾವಾಗಲೂ ಒದ್ದೆ, ಒಳಗೆ ಫ್ರಿಜ್ಜಿನ ಚಳಿ. ಗಂಟೆಗೆ ಹನ್ನೊಂದು ಡಾಲರ್. ಮಧ್ಯಾಹ್ನದ ಹೊತ್ತಿಗೆ ನೀನು ಮರೆತ ಆ ಬಲಮಂಡಿ ಊದಿಕೊಂಡು ಪ್ಯಾಂಟಿನೊಳಗೆ ಬಿಗಿಯುತ್ತೆ. ನನ್ನ ಪಕ್ಕ ನಿಲ್ಲೋ ಮುದುಕಿ ಓಪಲ್ ಕೇಳ್ತಾಳೆ, “ಏನೇ ಸ್ಟಾರ್, ಇವತ್ತು ಎಷ್ಟು ಪಾಯಿಂಟು ಹೊಡೆದೆ?” ಅಂತ. ಕೆಟ್ಟವಳಲ್ಲ. ನಗಿಸೋಕೆ ಹೇಳ್ತಾಳೆ. ನನಗೆ ನಗು ಬರಲ್ಲ.

ಊಟದ ಕೋಣೆಯಲ್ಲಿ ಯಾರೋ ಪೇಪರ್ ಬಿಟ್ಟು ಹೋಗಿದ್ದರು. ಸರ್ಕಾರದ ದುಡ್ಡಿನಲ್ಲಿ ಸಂಬಳ ತಗೊಳೋರಲ್ಲಿ ಯಾರಿಗೆ ಜಾಸ್ತಿ ಅಂತ ಪ್ರತಿ ವರ್ಷ ಹಾಕ್ತಾರಲ್ಲ, ಅದು. ಮೇಲ್ಗಡೆ ಗಂಡಸರ ತಂಡದ ಕೋಚುಗಳು. ಅವರ ಕೆಳಗೆ ನೀನು. ವರ್ಷಕ್ಕೆ ಹನ್ನೊಂದು ಲಕ್ಷ ಡಾಲರ್. ನಿನ್ನ ಕೆಳಗೆ ದೊಡ್ಡಾಸ್ಪತ್ರೆಯ ಹೃದಯದ ಡಾಕ್ಟರು, ಅವನ ಕೆಳಗೆ ರಾಜ್ಯಪಾಲ. ಕಾರು ಬೇರೆ, ಫೈನಲ್ ಗೆದ್ದರೆ ಬೋನಸ್ ಬೇರೆ.

ಓಪಲ್ ಬಗ್ಗಿ ನೋಡಿ, “ಇವಳೇನಾ ನಿಮ್ಮ ಕೋಚು? ನನ್ನ ಗಂಟೆಗೂ ನಿನ್ನ ಗಂಟೆಗೂ ಇವಳ ಗಂಟೆಗೂ ಅರವತ್ತೇ ನಿಮಿಷ ತಾನೇ?” ಅಂದಳು.

ಅವಳಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಒಪ್ಪಂದ ಮುಗಿಯೋ ಮುಂಚೆ ನಿನ್ನ ಬಿಡಿಸಿಕೊಳ್ಳೋಕೆ ಟೈಡ್‌ವೆಲ್‌ನವರು ಬೆಲ್‌ಫೋರ್ಡ್‌ಗೆ ಮೂರು ಲಕ್ಷ ಕಟ್ಟಿದರು. ನೀನು ಬಿಟ್ಟು ಹೋಗೋಕೂ ಒಂದು ಬೆಲೆ ಇತ್ತು. ನನ್ನ ಬಿಡಿಸಿದಾಗ ಯಾರೂ ಯಾರಿಗೂ ಏನೂ ಕಟ್ಟಲಿಲ್ಲ. ಅಮ್ಮ ಮಾತ್ರ ನನ್ನ ಕರೆದುಕೊಂಡು ಬರೋಕೆ ಚಿಕ್ಕಪ್ಪನ ಟ್ರಕ್ಕಿಗೆ ಪೆಟ್ರೋಲ್ ಹಾಕಿಸಿದಳು.

ಆ ಫೈನಲ್ ಗೆದ್ದಿದ್ದಕ್ಕೆ ನಿನಗೆ ಬೋನಸ್ ಬಂತು, ಟೈಡ್‌ವೆಲ್ ಬಂತು. ನಾನು ಬಿದ್ದಾಗ ನಾವು ಒಂಬತ್ತು ಪಾಯಿಂಟ್ ಮುಂದಿದ್ದೆವು. ಸುಸ್ತಾಗಿದೆ ಕೋಚ್ ಅಂತ ಎರಡು ಸಲ ಕೈ ಎತ್ತಿದ್ದೆ. ನೀನು ನೋಡಿದೆ. ನೋಡಿ, “ಇನ್ನೊಂಚೂರು!” ಅಂತ ಕೂಗಿದೆ.

ಬರಬೇಡ. ಅಮ್ಮ ಒಳ್ಳೇವಳು, ಬಾಗಿಲು ತೆಗೀತಾಳೆ. ನಾನು ತೆಗೆಯಲ್ಲ.

ಕೆಂಡ್ರಿಕಾ


ಟೈಡ್‌ವೆಲ್
11 ಸೆಪ್ಟೆಂಬರ್ 2017

ಕೆಂಡ್ರಿಕಾ,

ಮೊದಲ ಉತ್ತರವನ್ನು ನನ್ನ ಸಹಾಯಕಿ ಬರೆದಳು. ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟದಾಗಿದೆ, ನೋಡಿದರೆ ಗೊತ್ತಾಗುತ್ತದೆ.

ನೀನು ಸಿಟ್ಟಾಗಿದ್ದೀಯೆ. ಸರಿ, ನನಗೂ ಸಿಟ್ಟು ಬರುತ್ತದೆ.

ನಾನು ಮೊದಲು ಕೋಚ್ ಆದ ಕಾಲೇಜಿನಲ್ಲಿ ನನಗೆ ವರ್ಷಕ್ಕೆ ಒಂಬತ್ತು ಸಾವಿರ ಕೊಡುತ್ತಿದ್ದರು. ತಂಡದ ವ್ಯಾನನ್ನು ನಾನೇ ಓಡಿಸುತ್ತಿದ್ದೆ. ಹುಡುಗಿಯರ ಜೆರ್ಸಿಗಳನ್ನು ಬೀದಿ ಬದಿಯ ಲಾಂಡ್ರಿಯಲ್ಲಿ ನನ್ನ ಕೈಯಿಂದಲೇ ದುಡ್ಡು ಹಾಕಿ ಒಗೆಯುತ್ತಿದ್ದೆ. ಗಂಡಸರ ತಂಡ ವಿಮಾನದಲ್ಲಿ ಹೋಗುತ್ತಿತ್ತು. ನಾವು ದಾರಿಯಲ್ಲಿ ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ ತಿಂದು ಹೋಗಿ ಆಡಿ ಗೆಲ್ಲುತ್ತಿದ್ದೆವು. ಹನ್ನೊಂದು ವರ್ಷ ಹೀಗೆ. ಈಗ ನನಗೆ ಸಿಗುತ್ತಿರುವುದನ್ನು ಕಂಡು ಜನ ಹುಬ್ಬೇರಿಸುತ್ತಾರೆ. ನನಗಿಂತ ಮೇಲೆ ಹೆಸರಿದ್ದ ಆ ಗಂಡಸರು ಎಷ್ಟು ಕಾಲೇಜು ಬಿಟ್ಟು ಬಂದವರು ಎಂದು ಯಾವ ಹುಡುಗನಾದರೂ ಪತ್ರ ಬರೆದು ಕೇಳಿದ್ದಾನೆಯೇ?

ಪಾತ್ರೆಯ ವಿಷಯ. ಮೊದಲ ಸಲ, ಎಷ್ಟೋ ವರ್ಷದ ಹಿಂದೆ ಬೇರೊಬ್ಬ ಹುಡುಗಿಯ ಮನೆಯಲ್ಲಿ, ಅದು ನಾಟಕ ಆಗಿರಲಿಲ್ಲ. ಆ ತಾಯಿ ಎರಡು ಪಾಳಿ ಕೆಲಸ ಮುಗಿಸಿ ಬಂದು ನನಗೆ ಬಡಿಸಿ, ಮೇಜಿಗೆ ತಲೆಯಿಟ್ಟು ನಿದ್ದೆ ಹೋದಳು. ನನಗೆ ಏನು ಮಾಡಬೇಕೋ ತೋಚದೆ ಎದ್ದು ತಟ್ಟೆಗಳನ್ನು ತೊಳೆದೆ. ಅವಳಿಗೆ ಎಚ್ಚರವಾದಾಗ ಸಿಂಕು ಖಾಲಿಯಿತ್ತು. ಮಗಳನ್ನು ನನ್ನ ತಂಡಕ್ಕೆ ಕಳಿಸಿದಳು. ಆಮೇಲೆ ನಾನು ಎಲ್ಲ ಮನೆಯಲ್ಲೂ ತೊಳೆದೆ. ಇಷ್ಟು ವರ್ಷದಲ್ಲಿ ಇದನ್ನು ನನ್ನ ಮುಖಕ್ಕೆ ಹೇಳಿದವಳು ನೀನೊಬ್ಬಳೇ.

ನೀನು ಕೈ ಎತ್ತಿದ್ದನ್ನು ನಾನು ನೋಡಿದೆ. ನೋಡಿಲ್ಲ ಎಂದು ಹೇಳುವುದಿಲ್ಲ.

ಝಾರಿಯಾ ತಾನಾಗಿ ಫೋನ್ ಮಾಡಿ ನನ್ನನ್ನು ಕರೆದಿದ್ದಾಳೆ. ಭಾನುವಾರ, ಇಪ್ಪತ್ತನಾಲ್ಕನೇ ತಾರೀಖು, ಸಂಜೆ ನಾಲ್ಕಕ್ಕೆ ಬರುತ್ತೇನೆ. ಅವಳು ನಿನಗಿಂತ ಚೆನ್ನಾಗಿ ಆಡುತ್ತಾಳೆ, ಅದು ನಿನಗೂ ಗೊತ್ತು. ಅವಳು ನನಗೆ ಬೇಕು.

ಲೊರೇನ್ ಕ್ರೌಡರ್


ಹಾಲಿ ಬೆಂಡ್
18 ಸೆಪ್ಟೆಂಬರ್ 2017

ಕ್ರೌಡರ್,

ನಿನ್ನ ಒಂಬತ್ತು ಸಾವಿರದ ಕಥೆ ಓದಿದೆ. ಬೇಜಾರಾಯಿತು. ನಿನಗೆ ಅನ್ಯಾಯ ಮಾಡಿದೋರು ಆ ಗಂಡಸರು. ವಸೂಲಿ ಮಾತ್ರ ನಮ್ಮಂಥ ಹುಡುಗಿಯರ ಮಂಡಿಯಿಂದ. ಯಾವ ಊರಿನ ನ್ಯಾಯ ಇದು?

ನಿನ್ನ ದೆಸೆಯಿಂದ ನಮ್ಮ ಮನೆಯಲ್ಲಿ ಜಗಳ. ಝಾರಿಯಾಗೆ ಎಲ್ಲಾ ಹೇಳಿದೆ. ನಿನ್ನ ಸಂಬಳ, ಬೋನಸ್, ಎಡಮಂಡಿ, ಎಲ್ಲಾ.

“ಗೊತ್ತು. ನೂರು ಸಲ ಹೇಳಿದೀಯ,” ಅಂದಳು.

“ಮತ್ಯಾಕೆ ಕರೆದೆ ಅವಳನ್ನ?”

“ಅಲ್ಲಿ ಆಡಿದ್ರೆ ಟಿವಿಲಿ ಬರ್ತೀನಿ. ಇಲ್ಲಿದ್ರೆ ಕೋಳಿ ಕತ್ತರಿಸ್ತೀನಿ, ನಿನ್ನ ಥರ. ನಿನ್ನ ಮಂಡಿ ಹೋಯ್ತು ಅಂತ ನನ್ನ ಕಾಲಿಗೂ ಹಗ್ಗ ಕಟ್ತೀಯಾ ಅಕ್ಕಾ?”

ನಾನು ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ. ಆದರೆ ಎತ್ತಿದೆ.

ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ. “ಇಬ್ರೂ ಬಾಯಿ ಮುಚ್ಚಿ. ಭಾನುವಾರ ಬರ್ತಾಳೆ ಅಲ್ವಾ, ಬರಲಿ. ಊಟ ಹಾಕ್ತೀನಿ. ಬಂದೋರನ್ನ ಹಸಿದು ಕಳಿಸೋ ಮನೆ ಅಲ್ಲ ಇದು,” ಅಂದಳು.

“ಅವಳಿಗಾ ಅಮ್ಮಾ? ಅವಳಿಗೂನಾ?”

“ಅವಳಿಗೂ.”

ಅದಕ್ಕೆ ಭಾನುವಾರ ನಾನು ಫ್ಯಾಕ್ಟರಿಗೆ ಹೋಗ್ತೀನಿ. ಹೆಚ್ಚುವರಿ ಪಾಳಿ ಕೇಳಿಕೊಂಡಿದೀನಿ. ಅಮ್ಮ ನಿನಗೆ ಬಡಿಸೋದು, ನೀನು ಆ ನೀಲಿ ಹೂವಿನ ತಟ್ಟೆ ಕೈಗೆ ತಗೊಳೋದು, ನನ್ನ ಕೈಲಿ ನೋಡೋಕಾಗಲ್ಲ.

ಒಂದೇ ಒಂದು ಮಾತು. ಝಾರಿಯಾ ಬೇಕು ಅಂದೆಯಲ್ಲ, ಬರೆದುಕೊಡು. ನಾಲ್ಕು ವರ್ಷದ ಓದಿನ ಖರ್ಚು, ಅವಳು ಆಡಲಿ ಆಡದಿರಲಿ, ನೀನು ಅಲ್ಲಿರು ಇಲ್ಲದಿರು. ಬೇರೆ ಕಾಲೇಜಿನ ಕೆಲವು ಕೋಚುಗಳು ಬರೆದುಕೊಡ್ತಾರೆ. ನೀನೂ ಕೊಡು. ಕೊಟ್ಟರೆ ನಾನೇ ಅವಳ ಪೆಟ್ಟಿಗೆ ಕಟ್ಟಿ ಕಳಿಸ್ತೀನಿ. ಕೊಡದಿದ್ದರೆ ಸೋಪು ನೀರಿಗೆ ಕೈ ಹಾಕಬೇಡ.

ಕೆಂಡ್ರಿಕಾ


ಟೈಡ್‌ವೆಲ್
26 ಸೆಪ್ಟೆಂಬರ್ 2017

ಕೆಂಡ್ರಿಕಾ,

ನಿನ್ನ ತಾಯಿಗೆ ಹೇಳಿಕೊಟ್ಟಿದ್ದು ನೀನೇ ಇರಬೇಕು ಎಂದು ವಾಪಸು ಬರುವ ದಾರಿಯುದ್ದಕ್ಕೂ ಅಂದುಕೊಂಡೆ. ಈಗ ಹಾಗೆ ಅನ್ನಿಸುತ್ತಿಲ್ಲ. ಏನು ನಡೆಯಿತೆಂದು ಅವಳು ನಿನಗೆ ಹೇಳಿರುವುದಿಲ್ಲ. ನಾನು ಹೇಳುತ್ತೇನೆ.

ಎಲ್ಲವನ್ನೂ ಮಾಡಿದ್ದಳು. ಅದೇ ಚಾಪ್, ಸೊಪ್ಪು, ಜೋಳದ ಬ್ರೆಡ್ಡು, ಮೇಲೆ ಪೀಚ್ ಹಣ್ಣಿನ ಸಿಹಿ. ನನಗೆ ಎರಡು ಸಲ ಬಡಿಸಿದಳು. ಆದರೆ ಪೇಪರ್ ತಟ್ಟೆಗಳಲ್ಲಿ. ಪ್ಲಾಸ್ಟಿಕ್ ಚಮಚ, ಪೇಪರ್ ಲೋಟ. ಮಾಂಸ ಬೇಯಿಸಿದ ಬಾಣಲೆ, ಸೊಪ್ಪಿನ ಪಾತ್ರೆ ಎಲ್ಲ ಆಗಲೇ ತೊಳೆದು ಒರೆಸಿ, ಬೋರಲು ಹಾಕಿಟ್ಟಿದ್ದಳು. ನೀಲಿ ಹೂವಿನ ತಟ್ಟೆಗಳು ಕಪಾಟಿನ ಗಾಜಿನ ಹಿಂದೆ ಕಾಣುತ್ತಿದ್ದವು. ಝಾರಿಯಾಗೆ ನಾಚಿಕೆಯಾಗಿ, “ಅಮ್ಮಾ, ತಟ್ಟೆ ಇಳಿಸ್ಲಾ?” ಎಂದಳು.

“ಬೇಡ,” ಎಂದಳು ನಿನ್ನ ತಾಯಿ.

ಊಟ ಮುಗಿದದ್ದೇ ನಾನು ಎದ್ದೆ. ಎಷ್ಟೋ ವರ್ಷದ ಅಭ್ಯಾಸ, ಕಾಲು ತಾನಾಗಿ ಏಳುತ್ತದೆ. ತೋಳನ್ನೂ ಮಡಚಿದ್ದೆ. ನಿನ್ನ ತಾಯಿ ನನ್ನ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿ, ಎರಡಾಗಿ ಮಡಚಿ ಕಸದ ಬುಟ್ಟಿಗೆ ಹಾಕಿದಳು. ಎಲ್ಲರ ತಟ್ಟೆಯನ್ನೂ ಹಾಗೇ ಮಾಡಿದಳು. ಸಿಂಕು ಒಣಗಿತ್ತು.

“ಕೂತ್ಕೋ ಕೋಚ್. ತೊಳೆಯೋಕೆ ಏನೂ ಇಲ್ಲ. ಈಗ ಮಾತಾಡು.”

ಕೂತೆ. ಮಾತಾಡಿದೆ ಕೂಡ. ಹೊಸ ಕ್ರೀಡಾಂಗಣ, ಟಿವಿ, ತಂಡದ ವಿಮಾನ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, “ಕೆಂಡ್ರಿಕಾ ಪದವಿ ತಗೊಳೋ ದಿನ ನನ್ನ ಪಕ್ಕ ಮುಂದಿನ ಸಾಲಲ್ಲಿ ಕೂರ್ತೀನಿ ಅಂದಿದ್ದೆ. ಯಾವತ್ತು ಅದು? ರಜೆ ಹಾಕ್ಬೇಕು ನಾನು,” ಎಂದಳು.

ನಾನು ಮಡಚಿದ ತೋಳನ್ನು ಇಳಿಸಿಕೊಂಡು ಕಾರಿನ ಕೀಲಿ ಎತ್ತಿಕೊಂಡೆ.

ನಿನ್ನ ಬೇಡಿಕೆಗೆ ನೇರ ಉತ್ತರ. ಬರೆದುಕೊಡುವ ಅಧಿಕಾರ ನನಗಿದೆ. ಆದರೂ ಬರೆದುಕೊಡುವುದಿಲ್ಲ. ಮಂಡಿಗಳು ಹೋಗುತ್ತವೆ, ಕೆಂಡ್ರಿಕಾ. ಮಂಡಿ ಹೋದವಳ ಜಾಗದಲ್ಲಿ ಇನ್ನೊಬ್ಬಳನ್ನು ತರದಿದ್ದರೆ ಎರಡು ವರ್ಷದಲ್ಲಿ ನನ್ನನ್ನೇ ತೆಗೆದು ಹಾಕುತ್ತಾರೆ. ಝಾರಿಯಾ ಬಾಗಿಲಲ್ಲಿ ಇದನ್ನೇ ಕೇಳಿದಳು. ಅವಳಿಗೂ ಇದನ್ನೇ ಹೇಳಿದೆ. ಬಣ್ಣ ಹಚ್ಚದೆ ಹೇಳಿದ್ದು ಇದೇ ಮೊದಲು.

ಈಗಲೂ ಅವಳು ನನಗೆ ಬೇಕು. ನವೆಂಬರಿನಲ್ಲಿ ಹುಡುಗಿಯರು ತಾವು ಆರಿಸಿದ ಕಾಲೇಜಿಗೆ ಸಹಿ ಹಾಕುವ ದಿನದವರೆಗೂ ಅವಳ ಜಾಗ ಖಾಲಿ ಇಟ್ಟಿರುತ್ತೇನೆ.

ಲೊರೇನ್


ಹಾಲಿ ಬೆಂಡ್
9 ನವೆಂಬರ್ 2017

ಕ್ರೌಡರ್,

ಜಾಗ ಖಾಲಿ ಇಡಬೇಡ. ನಿನ್ನೆ ಝಾರಿಯಾ ಸಹಿ ಹಾಕಿದಳು. ನಿನಗಲ್ಲ. ನದಿಯಾಚೆಯ ಸಣ್ಣ ಕಾಲೇಜಿಗೆ. ಅವರ ಆಟ ಟಿವಿಯಲ್ಲಿ ಬರಲ್ಲ, ವಿಮಾನ ಇಲ್ಲ, ಬಸ್ಸಿದೆ. ನಾಲ್ಕು ವರ್ಷ ಅಂತ ಬರೆದುಕೊಟ್ಟಿದಾರೆ, ಆಡಿದರೂ ಆಡದಿದ್ದರೂ.

ನಾನು ಗೆದ್ದೆ ಅಂದುಕೋಬೇಡ. ಆ ಭಾನುವಾರದಿಂದ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ನಿನ್ನೆ ಸಹಿ ಹಾಕಿ ಪೆನ್ನು ಮುಚ್ಚಿಟ್ಟು, “ನಿನಗೋಸ್ಕರ ಅಲ್ಲ, ತಿಳ್ಕೋ,” ಅಂದಳು.

“ಮತ್ಯಾತಕ್ಕೆ?”

“ತೊಳೆಯೋಕೆ ತಟ್ಟೆ ಇಲ್ದಿದ್ದಾಗ ಆಕೆಗೆ ಕೈ ಎಲ್ಲಿಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ಅಕ್ಕಾ. ತೊಡೆ ಮೇಲಿಟ್ಲು, ಮೇಜಿನ ಮೇಲಿಟ್ಲು, ಜೇಬಿಗೆ ಹಾಕಿದ್ಲು. ನಂಗೆ ಭಯ ಆಯ್ತು.” ಆಮೇಲೆ ಅತ್ತಳು. ಅವಳಿಗೆ ಟೈಡ್‌ವೆಲ್ ಬೇಕಿತ್ತು. ನಿಜವಾಗಲೂ ಬೇಕಿತ್ತು. ಅದನ್ನೂ ನಿನ್ನ ಲೆಕ್ಕಕ್ಕೇ ಬರೀತೀನಿ.

ನಿಜ ಹೇಳಿದೆ ಅಂತ ನೀನು ಹೆಮ್ಮೆ ಪಟ್ಟುಕೊಂಡಿರ್ತೀಯ. ಪಡಬೇಡ. ನನ್ನ ಮಂಡಿ ಹೋಗೋಕೆ ಮುಂಚೆ ಹೇಳಿದ್ದರೆ ಅದು ನಿಜ. ಈಗ ಹೇಳಿದ್ದು ಸುಮ್ಮನೆ ಸುದ್ದಿ.

ಅಮ್ಮನನ್ನ ಕೇಳಿದೆ, ಪೇಪರ್ ತಟ್ಟೆ ಯಾಕೆ ತಂದೆ, ಒಂದು ಮಾತು ಬೈದು ಕಳಿಸಬಹುದಿತ್ತಲ್ಲ ಅಂತ. “ಬೈದಿದ್ರೆ ಬೈಸ್ಕೊಂಡು ಪಾತ್ರೆ ತೊಳೀತಿದ್ಲು. ತೊಳೆದ್ರೆ ನಾನು ಮತ್ತೆ ನಂಬ್ತಿದ್ದೆ ಕಣೇ,” ಅಂದಳು.

ಆ ಸಣ್ಣ ಕಾಲೇಜಿನ ಕೋಚ್ ಒಬ್ಬ ಡುಮ್ಮ. ಇಡೀ ವರ್ಷಕ್ಕೆ ಅವನಿಗೆ ಬರೋದು ನಿನ್ನ ತಿಂಗಳ ಸಂಬಳಕ್ಕಿಂತ ಕಮ್ಮಿ. ಕಾರಿನ ಒಂದು ಬಾಗಿಲು ಬೇರೆ ಬಣ್ಣ. ಅವನು ಬಂದ ದಿನ ನಾನೂ ಮನೆಯಲ್ಲಿದ್ದೆ. ಅಮ್ಮ ಏನೂ ಹೇಳದೆ ಸ್ಟೂಲ್ ಹಾಕಿಕೊಂಡು ನೀಲಿ ಹೂವಿನ ತಟ್ಟೆ ಇಳಿಸಿದಳು. ಅವನು ಮೂರು ಸಲ ಬಡಿಸಿಕೊಂಡ, ಬೆರಳು ನೆಕ್ಕಿದ, ನನ್ನ ಕಡೆ ನೋಡಿ “ಬಲಮಂಡಿ ತಾನೇ? ಆ ಪಂದ್ಯ ನಾನು ನೋಡ್ತಿದ್ದೆ,” ಅಂದ. ಕೊನೆಗೆ ಮೂಳೆ ತುಂಬಿದ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು, ತೇಗಿ ಎದ್ದು ಹೋದ.

ಆ ತಟ್ಟೆ ನಾನೇ ತೊಳೆದೆ.

ಕೆಂಡ್ರಿಕಾ ಪೆಟ್ಟವೇ